ಡಾಲರ್ ಏರಿದರೆ ಅವ್ವನಿಗೆ ಲಾಟರಿಯೇ?

ಡಾಲರ್ ಮೊದಲ ಸಲ 90 ರೂಪಾಯಿ ದಾಟಿದ್ದು 2025ರ ಡಿಸೆಂಬರ್‌ನಲ್ಲಿ. ಆ ವಾರ ನಂಜನಗೂಡಿನಿಂದ ತಿ.ನರಸೀಪುರಕ್ಕೆ ಹೊರಟ ಬಸ್ಸಿನಲ್ಲಿ ಕೇಳಿದ ಮಾತು ಇನ್ನೂ ಕಿವಿಯಲ್ಲಿದೆ. ಮುಂದಿನ ಸೀಟಿನ ಯಜಮಾನರು ಪಕ್ಕದ ಸಾಲಿನ ಹೆಂಗಸಿಗೆ ಹೇಳ್ತಿದ್ದರು: "ಡಾಲರ್ ತೊಂಬತ್ತಾಯ್ತಂತಲ್ಲ ಕಣಕ್ಕ. ಮಗ ದುಬೈನಲ್ಲವ್ನೆ, ನಿಂಗೆ ಲಾಟರಿ ಹೊಡ್ದಂಗೆ ಬುಡು." ಆಯಮ್ಮ ನಗಲಿಲ್ಲ. "ಅವ್ನಿಗೆ ಅದೇ ಸಂಬಳ ಕಣಣ್ಣ. ಮನೆ ಓನರ್ ಮಾತ್ರ ಆಗ್ಲೇ ಬಾಡಿಗೆ ಐನೂರು ಜಾಸ್ತಿ ಕೊಡು ಅಂತವ್ರೆ" ಅಂದರು.

ಆ ಐನೂರು ರೂಪಾಯಿಯ ಬಗ್ಗೆ ನಾಲ್ಕು ಮಾತು ಬರೆಯಬೇಕು ಅನ್ನಿಸಿತು. ಪಿಯುಸಿ ಅರ್ಧಕ್ಕೇ ಬಿಟ್ಟು ಪತ್ರಿಕೆ ಸೇರಿದ ನನಗೆ ಅರ್ಥಶಾಸ್ತ್ರದ ದೊಡ್ಡ ಸಿದ್ಧಾಂತಗಳು ಗೊತ್ತಿಲ್ಲ. ಕೂಡೋದು, ಕಳೆಯೋದು ಗೊತ್ತು. ನಮ್ಮ ಎರಡು ತಾಲ್ಲೂಕುಗಳಲ್ಲೂ ಗಲ್ಫಿನ ದುಡ್ಡಿನಲ್ಲಿ ಒಲೆ ಉರಿಯುವ ಮನೆಗಳಿವೆ. ಆ ಮನೆಗಳ ಬಗ್ಗೆ ಬೀದಿಯ ಜನ ಒಂದು ತಪ್ಪು ಲೆಕ್ಕ ಹಾಕ್ತಾರೆ. ಮನೆಯವರೂ ಅದನ್ನೇ ನಂಬ್ತಾರೆ. ದಂಡ ಕಟ್ಟೋರು ಮಾತ್ರ ಮರಳುಗಾಡಿನಲ್ಲಿ ಬೆವರು ಸುರಿಸೋ ಹುಡುಗರು.

ಮೊದಲು ಲೆಕ್ಕ ನೋಡೋಣ. ದುಬೈಯ ದಿರ್ಹಮ್ಮನ್ನು ಅಲ್ಲಿನವರು ಡಾಲರಿಗೆ ಕಟ್ಟಿಹಾಕಿದ್ದಾರೆ. ಒಂದು ಡಾಲರಿಗೆ 3.6725 ದಿರ್ಹಮ್, 1997ರಿಂದ ಇದು ಕದಲಿಲ್ಲ. ಸೌದಿಯ ರಿಯಾಲೂ ಹಾಗೇ, ಡಾಲರಿಗೆ 3.75. ಹೀಗಾಗಿ ರೂಪಾಯಿ ಎದುರು ಡಾಲರ್ ಏರಿದರೆ ದಿರ್ಹಮ್ಮೂ ಏರುತ್ತದೆ, ಇಳಿದರೆ ಇಳಿಯುತ್ತದೆ. 2008ರ ಆರಂಭದಲ್ಲಿ ಡಾಲರ್ 40 ರೂಪಾಯಿಯೊಳಗೇ ಇತ್ತು. ಆಗ ಸಾವಿರ ದಿರ್ಹಮ್ ಕಳಿಸಿದರೆ ಊರಿನಲ್ಲಿ ಕೈಗೆ ಬರುತ್ತಿದ್ದದ್ದು ಸುಮಾರು 10,700 ರೂಪಾಯಿ. ಡಾಲರ್ 90 ಆದಾಗ ಅದೇ ಸಾವಿರ ದಿರ್ಹಮ್ಮಿಗೆ ಸುಮಾರು 24,500. ಎರಡು ಪಟ್ಟಿಗೂ ಜಾಸ್ತಿ! ಲಾಟರಿ ಅನ್ನೋರು ಇಲ್ಲಿಗೇ ಲೆಕ್ಕ ನಿಲ್ಲಿಸಿಬಿಡ್ತಾರೆ.

ಅದೇ ದುಡ್ಡು ಹಿಡಿದು ಚಿನ್ನದಂಗಡಿ ಮೆಟ್ಟಿಲು ಹತ್ತಿ. 2008ರಲ್ಲಿ 10 ಗ್ರಾಂ ಚಿನ್ನ ಹನ್ನೆರಡು-ಹದಿಮೂರು ಸಾವಿರದ ಆಸುಪಾಸು. ಸಾವಿರ ದಿರ್ಹಮ್ಮಿನ ದುಡ್ಡಿಗೆ ಹೆಚ್ಚೂಕಡಿಮೆ 8 ಗ್ರಾಂ ಬರುತ್ತಿತ್ತು. 2025ರ ಡಿಸೆಂಬರ್‌ನಲ್ಲಿ 10 ಗ್ರಾಂಗೆ ಒಂದು ಲಕ್ಷ ಇಪ್ಪತ್ತೈದು ಸಾವಿರ ದಾಟಿತ್ತು. ಅಂದರೆ 24,500ಕ್ಕೆ ಪೂರಾ 2 ಗ್ರಾಂ ಕೂಡ ಇಲ್ಲ. ತಂಗಿ ಮದುವೆಗೆ ಅಂತ ದುಬೈಗೆ ಹೋದವನಿಗೆ ಇದು ಯಾವ ಸೀಮೆ ಲಾಟರಿ ಸ್ವಾಮಿ?

ಚಿನ್ನ ಏರಿದ್ದಕ್ಕೆ ಪ್ರಪಂಚದ ಬೇರೆ ಕಾರಣಗಳೂ ಇವೆ, ಒಪ್ಪೋಣ. ದಿನಸಿ ಅಂಗಡಿಯವರನ್ನೇ ಕೇಳಿ. ಈ ದೇಶ ಉಪಯೋಗಿಸುವ ಕಚ್ಚಾ ತೈಲದಲ್ಲಿ ನೂರಕ್ಕೆ ಎಂಬತ್ತು ಪಾಲಿಗೂ ಹೆಚ್ಚು ಹೊರಗಿನಿಂದ ಬರೋದು. ಅಡುಗೆ ಎಣ್ಣೆಯಲ್ಲೂ ಅರ್ಧಕ್ಕಿಂತ ಹೆಚ್ಚು ಹೊರಗಿನದೇ. ಇದಕ್ಕೆಲ್ಲ ಬಹುಪಾಲು ಡಾಲರಿನಲ್ಲೇ ದುಡ್ಡು ಎಣಿಸಬೇಕು. ಡಾಲರ್ ಏರಿತು ಅಂತ ನಾವು ಹೇಳೋದೇ ತಲೆಕೆಳಗಾದ ಮಾತು. ಕೆಳಗೆ ಬಿದ್ದಿರೋದು ನಮ್ಮ ನಿಮ್ಮ ಜೇಬಿನ ರೂಪಾಯಿ. ಬಿದ್ದ ರೂಪಾಯಿಯನ್ನೇ ಹೆಚ್ಚಿಗೆ ಎಣಿಸಿಕೊಂಡು ಆಯಮ್ಮ ಎಣ್ಣೆ ಪ್ಯಾಕೆಟ್ಟಿಗೆ ಹೆಚ್ಚಿಗೆ ಕೊಡಬೇಕು. ಬಾಡಿಗೆಗೂ ಐನೂರು ಹೆಚ್ಚಿಗೆ ಹೋದರೆ ಉಳಿಯೋದೇನು?

ಇನ್ನು ರೇಟು ಏರಿದ್ದು ಏರಿದಂಗೇ ಇರುತ್ತೆ ಅನ್ನೋ ಭ್ರಮೆ. ನನ್ನ ಜೊತೆ ಪಿಯುಸಿ ಬೆಂಚಿನಲ್ಲಿ ಕೂತವನೊಬ್ಬ, ನರಸೀಪುರದ ಕಡೆಯ ಹುಡುಗ, ಎ.ಸಿ. ರಿಪೇರಿ ಕಲಿತು ಶಾರ್ಜಾ ಸೇರಿದ. ಹೆಸರು ಬೇಡ. ತಿಂಗಳಿಗೆ 1,200 ದಿರ್ಹಮ್ ಕಳಿಸ್ತಿದ್ದ. 2013ರ ಆಗಸ್ಟ್ 28ರಂದು ಡಾಲರ್ 68 ರೂಪಾಯಿ ದಾಟಿತು. ಆ ವಾರ ಅವನ 1,200 ದಿರ್ಹಮ್ಮಿಗೆ 22 ಸಾವಿರದ ಮೇಲೆ ಬಂತು. ಮನೆ ಖರ್ಚಿಗೆ ಗದ್ದೆ ಇತ್ತು. ಅಪ್ಪ, ಅಣ್ಣ ಇಬ್ಬರೂ ಕೂತು ಲೆಕ್ಕ ಹಾಕಿ ಒಂದು ಸೈಟು ಗೊತ್ತು ಮಾಡಿದರು. ತಿಂಗಳ ಕಂತು ಸರಿಯಾಗಿ 22 ಸಾವಿರ. ಹುಡುಗನಿಗೆ ಫೋನ್ ಮಾಡಿ ಹೇಳಿದ್ದು ಅಡ್ವಾನ್ಸ್ ಕೊಟ್ಟ ಮೇಲೆ.

ಅಕ್ಟೋಬರ್ ಬರುವಷ್ಟರಲ್ಲಿ ಡಾಲರ್ 61-62ಕ್ಕೆ ಇಳಿದಿತ್ತು. ಅದೇ 1,200 ದಿರ್ಹಮ್ಮಿಗೆ ಈಗ 20 ಸಾವಿರ ಚಿಲ್ಲರೆ. ಸೈಟಿನವನ ಕಂತು ಇಳಿಯುತ್ತದೆಯೇ? ಸುಮಾರು ಎರಡು ಸಾವಿರದ ಕೊರತೆ ತುಂಬಲು ಹುಡುಗ ತಿಂಗಳಿಗೆ ನೂರಾ ಹದಿನೈದು, ನೂರಾ ಇಪ್ಪತ್ತು ದಿರ್ಹಮ್ ಹೆಚ್ಚಿಗೆ ಹೊಂದಿಸಬೇಕಾಯಿತು. ಎಲ್ಲಿಂದ? ತನ್ನ ಮೆಸ್ಸಿನ ದುಡ್ಡಿನಿಂದ. "ರಾತ್ರಿ ಕುಬ್ಬೂಸ್, ಮೊಸರು ಅಷ್ಟೇ ಕಣೋ" ಅಂತ ಆಮೇಲೊಮ್ಮೆ ಹೇಳಿದ. ಕುಬ್ಬೂಸ್ ಅಂದರೆ ಅಲ್ಲಿನ ಅಗ್ಗದ ರೊಟ್ಟಿ. 2014ರ ನಂಜನಗೂಡಿನ ದೊಡ್ಡ ಜಾತ್ರೆಗೆ ಬರ್ತೀನಿ ಅಂದಿದ್ದವನು ಬರಲಿಲ್ಲ. ಟಿಕೆಟ್ಟಿನ ದುಡ್ಡು ಕಂತಿಗೆ ಹೋಗಿತ್ತು. ಸೈಟೇನೋ ಆಯಿತು. ಆ ವರ್ಷ ಅವನ ಅವ್ವ ತೇರಿಗೆ ಹಣ್ಣು-ಜವನ ಎಸೆದದ್ದು ಒಬ್ಬಳೇ ನಿಂತು.

ಇದು ಹೊಸ ಕಥೆಯಲ್ಲ. ಹಳಬರಿಗೆ ನೆನಪಿರಬಹುದು, ಒಂದು ಕಾಲದಲ್ಲಿ ದುಬೈ, ಕತಾರ್, ಓಮಾನ್‌ಗಳಲ್ಲಿ ನಮ್ಮ ರೂಪಾಯಿಯೇ ಓಡ್ತಿತ್ತು. ಚಿನ್ನದ ಕಳ್ಳಸಾಗಣೆಯಲ್ಲಿ ದೇಶದ ವಿದೇಶಿ ವಿನಿಮಯ ಸೋರಿಹೋಗುತ್ತಿದೆ ಅಂತ 1959ರಲ್ಲಿ ನಮ್ಮ ರಿಸರ್ವ್ ಬ್ಯಾಂಕು ಆ ಸೀಮೆಗೆ ಅಂತಲೇ ಬೇರೆ ಬಣ್ಣದ ನೋಟು ಮಾಡಿತು. ಅದಕ್ಕೆ ಗಲ್ಫ್ ರೂಪಾಯಿ ಅಂತ ಹೆಸರು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯ ಆಯಿತು. 4 ರೂಪಾಯಿ 76 ಪೈಸೆ ಇದ್ದ ಡಾಲರ್ ಏಳೂವರೆ ರೂಪಾಯಿ ಆಯಿತು. ಸಾವಿರ ರೂಪಾಯಿಗೆ 210 ಡಾಲರ್ ಸಿಗುತ್ತಿದ್ದದ್ದು ಬೆಳಗಾಗುವುದರೊಳಗೆ 133. ಈ ಸಹವಾಸವೇ ಬೇಡ ಅಂತ ಕತಾರ್, ದುಬೈಗಳು ಅದೇ ವರ್ಷ ನಮ್ಮ ರೂಪಾಯಿಗೆ ದೊಡ್ಡ ನಮಸ್ಕಾರ ಹಾಕಿದವು. ಓಮಾನ್ 1970ರಲ್ಲಿ ಬಿಟ್ಟಿತು. ದಿರ್ಹಮ್ ಹುಟ್ಟಿದ್ದು 1973ರಲ್ಲಿ. 1991ರ ಜುಲೈ 1 ಮತ್ತು 3ರಂದು ಎರಡು ಕಂತಿನಲ್ಲಿ ಮತ್ತೆ ರೂಪಾಯಿ ಇಳಿಸಿದರು. ರಾಜರಾಜರೇ ನೆಚ್ಚಿಕೊಳ್ಳದ ರೇಟನ್ನು ನಮ್ಮ ಸೈಟಿನ ಕಂತಿಗೆ ನೆಚ್ಚಿಕೊಳ್ಳೋದು ಹೇಗೆ?

ಇದೇ ರೇಟು ಎದುರು ಮನೆಯಲ್ಲಿ ಮಾಡೋ ಕೆಲಸ ಬೇರೆ. ಅಲ್ಲಿ ಮಗಳು ಅಮೆರಿಕದಲ್ಲಿ ಓದ್ತಿದ್ದಾಳೆ ಅಂತಿಟ್ಟುಕೊಳ್ಳಿ. ವರ್ಷದ ಫೀಜು 20 ಸಾವಿರ ಡಾಲರ್. 2021ರ ಮಧ್ಯದಲ್ಲಿ ಡಾಲರ್ 74ರ ಆಸುಪಾಸು ಇದ್ದಾಗ ಅದು 14 ಲಕ್ಷ 80 ಸಾವಿರ. ಡಾಲರ್ 90 ಆದರೆ 18 ಲಕ್ಷ. ಕಾಲೇಜು ಒಂದು ಡಾಲರೂ ಏರಿಸಲಿಲ್ಲ, ಅಪ್ಪನ ಸಾಲ ಮಾತ್ರ 3 ಲಕ್ಷ 20 ಸಾವಿರ ಏರಿತು. ಪಕ್ಕದ ಮನೆಯ ರಿಟೈರ್ಡ್ ಮೇಷ್ಟ್ರು ಮಗನ ಜೊತೆ ಇರೋಣ ಅಂತ ಅದೇ ಅಮೆರಿಕಕ್ಕೆ ಹೋಗಿದ್ದಾರೆ ಅನ್ನಿ. ಕೈಖರ್ಚಿಗೆ ಇಲ್ಲಿನ ಪಿಂಚಣಿಯೇ ಗತಿ. 30 ಸಾವಿರ ರೂಪಾಯಿಗೆ 2013ರ ಆರಂಭದಲ್ಲಿ 550 ಡಾಲರ್ ಸಿಗುತ್ತಿತ್ತು. ಡಾಲರ್ 90 ಆದರೆ 333. ಮಗನ ಮುಂದೆ ಮಾತ್ರೆಗೂ ಕೈಚಾಚಬೇಕಾದಾಗ ಮೇಷ್ಟ್ರ ಮುಖ ಹೇಗಿದ್ದೀತು ಯೋಚಿಸಿ.

ಒಂದೇ ರೇಟು, ಒಂದೇ ಬೀದಿ. ಬೀದಿಯ ಕಣ್ಣಿಗೆ ಬೀಳೋದು ಮಾತ್ರ ದುಬೈ ಮನೆ.

ಈ ಮನೆಗಳಿಗೆ ನಾನು ಹೇಳೋದಿಷ್ಟೆ. ಕಂತು, ಚೀಟಿ, ಸಾಲ ಏನೇ ಕಟ್ಟಿಕೊಂಡರೂ ಈವತ್ತಿನ ರೇಟಿನ ಮೇಲೆ ಕಟ್ಟಿಕೊಳ್ಳಬೇಡಿ. ನೂರಕ್ಕೆ ಹತ್ತು-ಹನ್ನೆರಡು ಕಮ್ಮಿ ಇಟ್ಟು ಲೆಕ್ಕ ಹಾಕಿ. ನನ್ನ ಗೆಳೆಯನ ಮನೆಯಲ್ಲಿ ಅಷ್ಟು ಮಾಡಿದ್ದರೆ ಅವನು ಜಾತ್ರೆಗೆ ಬರ್ತಿದ್ದ. ರೇಟು ಏರಿ ನಾಲ್ಕು ಕಾಸು ಹೆಚ್ಚಿಗೆ ಬಂದರೆ ಅದು ಉಳಿತಾಯ, ಸಂಬಳ ಅಲ್ಲ. ಸೈಟು, ಮದುವೆ ಅಂತ ಒಪ್ಪಿಕೊಳ್ಳೋ ಮುಂಚೆ ದುಡಿಯೋ ಹುಡುಗನನ್ನು ಒಂದು ಮಾತು ಕೇಳಿ.

ಹೊರಗಿರೋ ಹುಡುಗರಿಗೂ ಒಂದು ಮಾತು. ಪೇಪರಿನಲ್ಲಿ ಬರೋ ರೇಟು ನಿಮ್ಮ ರೇಟಲ್ಲ. ದುಡ್ಡು ಕಳಿಸೋ ಅಂಗಡಿಯವನ ರೇಟೇ ಬೇರೆ, ಅವನ ಚಾರ್ಜು ಬೇರೆ. ಊರಿನ ಪಾಸ್‌ಬುಕ್ಕಿಗೆ ಕೊನೆಗೆ ಎಷ್ಟು ರೂಪಾಯಿ ಬಿತ್ತು ಅನ್ನೋದೊಂದೇ ಲೆಕ್ಕ. ನಮ್ಮ ನರಸೀಪುರದ ಗುಂಜಾ ನರಸಿಂಹಸ್ವಾಮಿ ಕೈಯಲ್ಲಿ ಗುಲಗಂಜಿ ಹಿಡಿದು, ಈ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕ ಹೆಚ್ಚು ಅಂತ ತೋರಿಸ್ತಾನೆ ಅಂತಾರೆ ಹಿರಿಯರು. ಒಂದು ಗುಲಗಂಜಿಯ ವ್ಯತ್ಯಾಸವನ್ನೂ ಬಿಡದ ದೇವರ ಊರಿನವರು ದಿರ್ಹಮ್ಮಿಗೆ ನಾಲ್ಕಾಣೆ ಬಿಡಬಾರದು. ನಾಲ್ಕಾರು ವರ್ಷ ಮುಟ್ಟದ ಉಳಿತಾಯ ಇದ್ದರೆ ಬ್ಯಾಂಕಿನಲ್ಲಿ ಎಫ್‌ಸಿಎನ್‌ಆರ್ ಠೇವಣಿ ಬಗ್ಗೆ ಕೇಳಿ. ಡಾಲರ್, ಪೌಂಡುಗಳಲ್ಲೇ ಒಂದರಿಂದ ಐದು ವರ್ಷ ಇಟ್ಟು ಅದರಲ್ಲೇ ವಾಪಸು ಪಡೆಯಬಹುದು. ರೂಪಾಯಿ ಬಿದ್ದರೆ ಆ ಗಂಟು ಕರಗಲ್ಲ. ಎನ್‌ಆರ್‌ಇ ಖಾತೆಯಲ್ಲಿ ಇಟ್ಟಿದ್ದು ರೂಪಾಯಿ ಆಗಿಬಿಡುತ್ತದೆ, ಈ ವ್ಯತ್ಯಾಸ ನೆನಪಿರಲಿ.

ಬ್ಯಾಂಕಿನವರು ಇದನ್ನೆಲ್ಲ ಕೌಂಟರಿನಲ್ಲಿ ಕನ್ನಡದಲ್ಲಿ ಬಿಡಿಸಿ ಹೇಳಿದರೆ ದೊಡ್ಡ ಉಪಕಾರ. ದುಡ್ಡು ಬಿಡಿಸಲು ಬರೋದು ಹೆಚ್ಚಾಗಿ ಅವ್ವಂದಿರು, ಹೆಂಡತಿಯರು. ಇಂಗ್ಲಿಷ್ ಫಾರಂ ಕೊಟ್ಟು "ಅಲ್ಲಿ ಸೈನ್ ಹಾಕಮ್ಮ" ಅಂದರೆ ಕೆಲಸ ಮುಗಿಯಿತೇ?

ಕೊನೆಗೆ ಅಂಗಡಿಯ ಸಾಹುಕಾರರಿಗೆ, ಮನೆ ಓನರ್‌ಗಳಿಗೆ. ಕಪಿಲೆ ನಿಮಗೇನು ಹೊಸಬಳೇ? ವಯನಾಡಿನಲ್ಲಿ ಮಳೆ ಹುಯ್ದು, ಕಬಿನಿ ಅಣೆಕಟ್ಟೆಯ ಗೇಟು ಎತ್ತಿದರೆ ನಂಜನಗೂಡಿನ ಹದಿನಾರು ಕಾಲು ಮಂಟಪಕ್ಕೆ ನೀರು ನುಗ್ಗುತ್ತದೆ. ನಾಲ್ಕು ದಿನಕ್ಕೆ ಇಳಿದೂ ಹೋಗುತ್ತದೆ. ಆ ನೀರು ನೋಡಿ ಯಾರೂ ಬೇಸಿಗೆ ಬೆಳೆಗೆ ಲೆಕ್ಕ ಹಾಕಲ್ಲ. ಡಾಲರ್ ರೇಟೂ ಅಷ್ಟೆ. ಅದು ಏರಿದ ದಿನ ಆಯಮ್ಮನ ಬಾಡಿಗೆ ಏರಿಸಿದಿರಿ, ಸರಿ. ಇಳಿದ ದಿನ ಐನೂರು ಇಳಿಸ್ತೀರಾ?

ಇಳಿಸಲ್ಲ ಅಂದಮೇಲೆ ಏರಿಸಲೂ ಬೇಡಿ.