ಗಾಳಿಯ ಲೆಕ್ಕ ಯಾರಿಗೆ ಬೇಕು?

ಗಿಂಡಿಯ ಮೈದಾನದಲ್ಲಿ ಕುದುರೆಗಳು ಓಡುತ್ತಿದ್ದ ಕಾಲದಲ್ಲಿ ಯಾವುದು ಮುಂದೆ, ಯಾವುದು ಹಿಂದೆ ಎಂದು ಪತ್ರಿಕೆಗಳು ಬರೆಯುತ್ತಿದ್ದವು. ಅದು ಪಂದ್ಯ, ಬರೆಯಲಿ. ಆದರೆ ದೇಶದ ಚುನಾವಣೆಯನ್ನೂ ಅದೇ ಭಾಷೆಯಲ್ಲಿ ಬರೆದರೆ ದುಡಿಯುವವನಿಗೆ ದಕ್ಕುವುದೇನು? ಅಂದಿನ ಪತ್ರಿಕೆಗಳನ್ನೂ ಇಂದಿನ ವಾರ್ತಾವಾಹಿನಿಗಳನ್ನೂ ನಾವು ಇದೇ ಪ್ರಶ್ನೆ ಕೇಳುತ್ತೇವೆ.

1969ರ ರಾಷ್ಟ್ರಪತಿ ಚುನಾವಣೆಯನ್ನೇ ನೋಡಿ. ಆ ಜುಲೈನಲ್ಲಿ ಬೆಂಗಳೂರಿನಲ್ಲಿ ಕಾಂಗ್ರೆಸ್ ಮಹಾಸಮಿತಿ ನೆರೆದಿದ್ದಾಗ ಪಕ್ಷದ ಪಾರ್ಲಿಮೆಂಟರಿ ಮಂಡಳಿ ಸಂಜೀವ ರೆಡ್ಡಿಯವರನ್ನು ಹುರಿಯಾಳಾಗಿ ಆರಿಸಿತು. ನಮ್ಮ ನಿಜಲಿಂಗಪ್ಪನವರೇ ಪಕ್ಷದ ಅಧ್ಯಕ್ಷರು. ಈ ಊರಿನ ಕಾಮರಾಜರೂ ಅದೇ ಗುಂಪಿನವರು. ಇಂದಿರಾ ಸೋತರೆಂಬ ಮಾತು ಹಬ್ಬಿತು. 19ರಂದು ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣವಾದದ್ದೇ ತಡ, ಗಾಳಿ ತಿರುಗಿತೆಂದರು. ಗಿರಿಯವರು ಸ್ವತಂತ್ರರಾಗಿ ನಿಂತರು. ನಿಜಲಿಂಗಪ್ಪನವರು ಎರಡನೆಯ ಆಯ್ಕೆಯ ಮತಕ್ಕಾಗಿ ಸ್ವತಂತ್ರ ಪಕ್ಷ, ಜನಸಂಘಗಳವರೊಡನೆ ಮಾತಾಡಿದರು. ಗಾಳಿ ಮತ್ತೆ ತಿರುಗಿತು. ಆಮೇಲೆ 'ಆತ್ಮಸಾಕ್ಷಿಯ ಮತ'! ಕೊನೆಗೆ ಆಗಸ್ಟ್ 20ರಂದು ಎಣಿಸಿದಾಗ ಗಿರಿಯವರಿಗೆ 4,20,077, ರೆಡ್ಡಿಯವರಿಗೆ 4,05,427. ಅದೂ ಎರಡನೆಯ ಆಯ್ಕೆಯ ಮತಗಳನ್ನು ಸೇರಿಸಿದ ಮೇಲೆ. ಇದು ಬಿರುಗಾಳಿಯೇ?

ಅಮೆರಿಕದಲ್ಲೂ ಇದೇ ರೋಗ. ಅಲ್ಲಿ ಪಕ್ಷದ ಹುರಿಯಾಳನ್ನು ಆರಿಸಲು ರಾಜ್ಯ ರಾಜ್ಯಗಳಲ್ಲಿ ಮತದಾನ ನಡೆಯುತ್ತದೆ. 1968ರ ಮಾರ್ಚಿನಲ್ಲಿ ನ್ಯೂ ಹ್ಯಾಂಪ್‌ಶೈರಿನಲ್ಲಿ ಅಧ್ಯಕ್ಷ ಜಾನ್ಸನ್ನರಿಗೆ ನೂರಕ್ಕೆ ಸುಮಾರು 49, ಎದುರಾಳಿ ಮೆಕಾರ್ಥಿಗೆ 42 ಮತ ಬಿದ್ದವು. ಗೆದ್ದವರು ಜಾನ್ಸನ್, ಪತ್ರಿಕೆಗಳು ಅದನ್ನು ಅವರ ಸೋಲೆಂದೇ ಬಗೆದವು. ವಿಯೆಟ್ನಾಂ ಯುದ್ಧ ಅವರನ್ನು ಮೊದಲೇ ಕುಗ್ಗಿಸಿತ್ತು, ನಿಜ. ಆದರೂ ಹೆಚ್ಚು ಮತ ಪಡೆದವನನ್ನು ಸೋತವನೆನ್ನುವ ಅಧಿಕಾರ ಇವರಿಗೆ ಕೊಟ್ಟವರಾರು? ಆ ತಿಂಗಳ 31ರಂದು ಅವರು ಕಣದಿಂದಲೇ ಹಿಂದೆ ಸರಿದರು.

ಗಿರಿಯವರು ಯಾರು? ರೈಲ್ವೆ ಕಾರ್ಮಿಕರ ಸಂಘಟನೆ ಕಟ್ಟಿದವರು; ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದವರು. ಬ್ಯಾಂಕ್ ನೌಕರರ ಪರವಾದ ತೀರ್ಪನ್ನು ಸರ್ಕಾರ ತಿದ್ದಿತೆಂದು 1954ರಲ್ಲಿ ಕೇಂದ್ರದ ಕಾರ್ಮಿಕ ಮಂತ್ರಿ ಪದವಿಯನ್ನೇ ಬಿಟ್ಟವರು. ಮೈಸೂರಿನ ರಾಜ್ಯಪಾಲರಾಗಿದ್ದುದರಿಂದ ನಮಗೆ ಪರಿಚಿತರೂ ಹೌದು. ಇಂದಿಗೂ ಆ ಚುನಾವಣೆಯ ಕಥೆ ಹೇಳುವವರು ಇಂದಿರಾ–ಸಿಂಡಿಕೇಟ್ ಕುಸ್ತಿಯನ್ನಷ್ಟೇ ಹೇಳುತ್ತಾರೆ; 1954ರ ರಾಜೀನಾಮೆ ಯಾರ ಬಾಯಲ್ಲೂ ಇಲ್ಲ.

ಮಂತ್ರಿಮಂಡಲದ ಸಲಹೆಯಂತೆ ನಡೆಯಬೇಕಾದ ಆ ಪೀಠದಿಂದ ಕಾರ್ಮಿಕನಿಗೆ ಆಗುವುದೇನು, ಆಗದಿರುವುದೇನು? ಗಾಳಿಯ ಲೆಕ್ಕದಲ್ಲಿ ಈ ಪ್ರಶ್ನೆಗೆ ಜಾಗವೆಲ್ಲಿ? ಉತ್ತರ 1974ರ ಮೇ ತಿಂಗಳಲ್ಲಿ ಸಿಕ್ಕಿತು. ರೈಲ್ವೆ ನೌಕರರು ಮುಷ್ಕರ ಹೂಡಿದರು. ಸರ್ಕಾರ ಸಾವಿರಾರು ಜನರನ್ನು ಸೆರೆಗೆ ತಳ್ಳಿ ಅದನ್ನು ಮುರಿಯಿತು. ರೈಲ್ವೆ ಕಾರ್ಮಿಕರ ಹಳೆಯ ಮುಖಂಡರು ಆಗ ರಾಷ್ಟ್ರಪತಿ ಭವನದಲ್ಲೇ ಇದ್ದರು.

ಪೆರಂಬೂರಿನ ಚಹಾ ಅಂಗಡಿಯಲ್ಲಿ 'ಈ ಸಲ ಗಾಳಿ ಯಾರ ಕಡೆ?' ಎಂದು ಯಾರಾದರೂ ಕೇಳಿದರೆ, ಬಂಧುಗಳೇ, ಆ ಹುರಿಯಾಳು ಬೋನಸ್ಸಿನ ಬಗ್ಗೆ, ಗುತ್ತಿಗೆ ಕೂಲಿಯ ಬಗ್ಗೆ ಏನು ಹೇಳಿದ್ದಾನೆಂದು ತಿರುಗಿ ಕೇಳಿ. ಪತ್ರಿಕೆಯಲ್ಲಿ ಅದಿಲ್ಲವಾದರೆ ಸಂಪಾದಕರಿಗೆ ಒಂದು ಕಾಗದ ಬರೆದು ಹಾಕಿ.