ಅಂಕ ತುಂಬಿದರೆ ಸಾಲದು, ನೀರೂ ತುಂಬಬೇಕು

'ವಾರ್ ಇನ್ ದಿ ಪೆಸಿಫಿಕ್: ಅಡ್ಮಿರಲ್ಸ್ ಎಡಿಶನ್' ಎಂಬ ಕಂಪ್ಯೂಟರ್ ಆಟದಲ್ಲಿ ದ್ವೀಪದ ಮೇಲೆ ದಾಳಿಗೆ ಆತುರ ನಡೆಯದು. ಯಾವ ದ್ವೀಪವೆಂದು ಪಡೆಗೆ ಮೊದಲೇ ಗೊತ್ತುಮಾಡಿ, ತಯಾರಿ ಅಂಕ 100ರ ಹತ್ತಿರ ಬರುವತನಕ ಕಾಯಬೇಕು. ಹಡಗು, ಎಣ್ಣೆ, ಮದ್ದುಗುಂಡು ಹೊಂದಿಸಬೇಕು. ತಾಳ್ಮೆ ಕಲಿಸುವ ಆಟ, ಒಪ್ಪೋಣ.

ಆದರೆ ಅಂಕ ತುಂಬಿತೆಂದರೆ ಗೆದ್ದಂತಲ್ಲ. 1943ರ ನವೆಂಬರ್ 20ರಂದು ತರಾವಾಕ್ಕೆ ಬಂದ ಅಮೆರಿಕದವರಿಗೆ ಹಡಗು, ವಿಮಾನಗಳ ಕೊರತೆ ಇರಲಿಲ್ಲ. ಉಬ್ಬರದ ನೀರು ಮಾತ್ರ ಎಣಿಸಿದಷ್ಟು ಏರಲಿಲ್ಲ. ದೋಣಿಗಳು ಹವಳದ ದಿಬ್ಬಕ್ಕೆ ಸಿಕ್ಕಿಕೊಂಡವು. ಸೈನಿಕರು ಗುಂಡಿನ ಮಳೆಯಲ್ಲಿ ನೀರಲ್ಲೇ ನಡೆದರು. 76 ಗಂಟೆಗಳಲ್ಲಿ ಸುಮಾರು 1,000 ಅಮೆರಿಕನ್ನರು, ಜಪಾನಿನ ಕಡೆ 4,000ಕ್ಕೂ ಹೆಚ್ಚು ಮಂದಿ ಸತ್ತರು.

ಅಲ್ಲಿ ಬಹುಕಾಲ ಇದ್ದ ಮೇಜರ್ ಫ್ರಾಂಕ್ ಹಾಲೆಂಡ್ ನೀರು ಸಾಲದೆಂದು ಮೊದಲೇ ಎಚ್ಚರಿಸಿದ್ದರು. ಆಟವಾಗಲಿ ಯುದ್ಧವಾಗಲಿ, ನಕ್ಷೆ ನೋಡಿದವರಿಗಿಂತ ನೀರು ಕಂಡವರ ಮಾತಿಗೆ ತೂಕ ಹೆಚ್ಚು.