ಕೈಗಡಕ್ಕೆ ತೆರಿಗೆ ಇಲ್ಲ, ಆದರೆ ದಂಡ ಇದೆ

ಬುಕ್ಕಸಾಗರದಲ್ಲಿ ಬಾಳೆ ಬೆಳೆಯುವ ನನ್ನ ಇಂಜಿನಿಯರಿಂಗ್ ದಿನಗಳ ಗೆಳೆಯನೊಬ್ಬ ಮೊನ್ನೆ ಫೋನ್ ಮಾಡಿದ್ದ. ತೋಟದ ಜತೆಗೆ ಹೊಸಪೇಟೆಯಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ತೆರಿಗೆಯನ್ನೂ ಕಟ್ಟುತ್ತಾನೆ. ಕಂಪ್ಲಿಯ ಸ್ನೇಹಿತನ ಹತ್ತಿರ ಒಂದೂವರೆ ಲಕ್ಷ ಕೈಗಡ ತಗೊಂಡಿದ್ದ. ಅರ್ಧ ಫೋನ್‌ಪೇ, ಅರ್ಧ ನೋಟು. ಬಡ್ಡಿ ಇಲ್ಲ, ಪತ್ರ ಇಲ್ಲ. "ಇದಕ್ಕೂ ಟ್ಯಾಕ್ಸ್ ಹಾಕ್ತಾರೇನಲೇ?" ಅಂದ.

ಅವನ ಭಯಕ್ಕೆ ಕಾರಣ ಇದೆ. 2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸ್ ಕಳಿಸಿತ್ತು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ ₹1.63 ಕೋಟಿ ವಹಿವಾಟಿನ ಮೇಲೆ ₹29 ಲಕ್ಷ ಕೇಳಲಾಗಿತ್ತು. ಖಾತೆಗೆ ಬಂದಿದ್ದೆಲ್ಲ ವ್ಯಾಪಾರವಲ್ಲ, ಮನೆಯವರ ದುಡ್ಡು, ಸ್ನೇಹಿತರ ಸಾಲವೂ ಅದರಲ್ಲಿದೆ ಎಂದು ಹಲವರು ಗೋಳಾಡಿದರು. ಕೊನೆಗೆ ಮುಖ್ಯಮಂತ್ರಿ ಸಿದ್ದರಾಮಯ್ಯ ಸಭೆ ಕರೆದು ಹಳೇ ಬಾಕಿ ವಸೂಲಿ ಮಾಡುವುದಿಲ್ಲ ಎಂದರು. ಅಷ್ಟರಲ್ಲಿ ಅಂಗಡಿಗಳ ಮುಂದೆ 'ನೋ ಯುಪಿಐ, ಓನ್ಲಿ ಕ್ಯಾಶ್' ಚೀಟಿ ಬಿದ್ದಾಗಿತ್ತು. ಗೆಳೆಯ ಉಳಿದ ಅರ್ಧವನ್ನು ನೋಟಿನಲ್ಲಿ ತಗೊಂಡಿದ್ದೂ ಅದೇ ಹೆದರಿಕೆಯಿಂದ.

ಎಡವಿದ್ದು ಅಲ್ಲೇ.

ಸಾಲ ಆದಾಯ ಅಲ್ಲ. ಫೋನ್‌ಪೇಯಲ್ಲಿ ಬಂದ ₹75 ಸಾವಿರಕ್ಕೆ ಆದಾಯ ತೆರಿಗೆಯೂ ಇಲ್ಲ, ಜಿಎಸ್‌ಟಿಯೂ ಇಲ್ಲ. ಯಾರು ಕೊಟ್ಟರು, ಯಾಕೆ ಕೊಟ್ಟರು ಎಂದು ತೋರಿಸಲು ಬರಬೇಕು, ಅಷ್ಟೇ. ಬಡ್ಡಿ ಇದ್ದಿದ್ದರೆ ಅದು ಕೊಟ್ಟವನ ಆದಾಯ. ಆದರೆ "ಸಾಲ ಅಲ್ಲ, ಸುಮ್ನೆ ಕೊಟ್ಟ" ಅಂದುಬಿಟ್ಟರೆ ಕಥೆಯೇ ಬೇರೆ. ವರ್ಷಕ್ಕೆ ₹50 ಸಾವಿರ ದಾಟಿದ ಉಡುಗೊರೆ ಪೂರ್ತಿಯಾಗಿ ತೆರಿಗೆಗೆ ಬರುತ್ತದೆ. ಸಂಬಂಧಿಕರು ಕೊಟ್ಟರೆ ವಿನಾಯಿತಿ ಇದೆ. ಸ್ನೇಹಿತ ಎಷ್ಟೇ ಹತ್ತಿರದವನಾಗಲಿ, ಕಾನೂನಿನ ಪ್ರಕಾರ ಸಂಬಂಧಿಕ ಅಲ್ಲ! ಅದಕ್ಕೇ ಒಂದು ಪತ್ರ ಬೇಕು.

ಇನ್ನು ನೋಟಿನ ₹75 ಸಾವಿರ. ಹಳೇ ಆದಾಯ ತೆರಿಗೆ ಕಾಯ್ದೆಯ 269ಎಸ್‌ಎಸ್ ಕಲಂ ಪ್ರಕಾರ ₹20 ಸಾವಿರ ಅಥವಾ ಹೆಚ್ಚಿನ ಸಾಲವನ್ನು ನಗದಿನಲ್ಲಿ ತಗೊಳ್ಳುವಂತಿಲ್ಲ. ತಗೊಂಡರೆ ಅಷ್ಟೇ ಮೊತ್ತದ ದಂಡ. ಹತ್ತತ್ತು ಸಾವಿರ ಬಿಡಿಬಿಡಿಯಾಗಿ ತಗೊಂಡರೂ ಒಬ್ಬನ ಬಾಕಿಯೆಲ್ಲ ಕೂಡಿಸಿಯೇ ಲೆಕ್ಕ. ವಾಪಸ್ ಕೊಡುವಾಗಲೂ ನಗದು ಕೊಟ್ಟರೆ 269ಟಿ ಅಡಿ ಮತ್ತೊಂದು ದಂಡ. ಎರಡೂ ದಂಡ ಸಾಲ ಪಡೆದವನಿಗೇ. ಕೊಟ್ಟವನಿಗೆ ಈ ಕಲಂಗಳಲ್ಲಿ ಏನೂ ಇಲ್ಲ. ಕೈ ಖಾಲಿಯಾಗಿ ಕೈ ಚಾಚಿದವನ ಮೇಲೇ ಪೂರ್ತಿ ಭಾರ ಹಾಕಿರುವುದು ನನಗಂತೂ ಸರಿ ಕಾಣುವುದಿಲ್ಲ.

ಈ ನಿಯಮ ಬಂದಿದ್ದು 1984ರಲ್ಲಿ. ದಾಳಿಯಲ್ಲಿ ಸಿಕ್ಕ ಕಪ್ಪುಹಣವನ್ನು "ಸ್ನೇಹಿತ ಕೊಟ್ಟ ಸಾಲ" ಎಂದು ತೋರಿಸುವವರನ್ನು ಹಿಡಿಯಲು. ಉದ್ದೇಶ ಒಳ್ಳೆಯದೇ. ಆದರೆ ₹20 ಸಾವಿರದ ಗೆರೆ ಎಳೆದಿದ್ದು 1989ರಲ್ಲಿ, ಅವತ್ತಿಂದ ಕದಲಿಲ್ಲ. 2026ರ ಏಪ್ರಿಲ್ 1ರಿಂದ ಜಾರಿಗೆ ಬಂದಿರುವ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲೂ ಕಲಂ ಸಂಖ್ಯೆ ಬದಲಾಗಿದೆ, ಮೊತ್ತ ಅಲ್ಲೇ ನಿಂತಿದೆ.

ರೈತರಿಗೊಂದು ಕಿಂಡಿ ಇದೆ. ಕೊಟ್ಟವನಿಗೂ ತಗೊಂಡವನಿಗೂ ಕೃಷಿ ಆದಾಯವಿದ್ದು, ಇಬ್ಬರಲ್ಲಿ ಯಾರಿಗೂ ತೆರಿಗೆಗೆ ಒಳಪಡುವ ಆದಾಯ ಇಲ್ಲದಿದ್ದರೆ ಈ ನಿಷೇಧ ಅನ್ವಯಿಸಲ್ಲ. ಬುಕ್ಕಸಾಗರದ ಎಷ್ಟೋ ಬಾಳೆ, ಕಬ್ಬಿನ ಕೈಗಡಗಳು ಇದರಲ್ಲೇ ಪಾರಾಗುತ್ತವೆ. ನನ್ನ ಗೆಳೆಯನಿಗೆ ಅಂಗಡಿಯ ಆದಾಯವೇ ಅಡ್ಡ ಬಂತು. "ತೋಟ ಒಂದೇ ಇದ್ದಿದ್ರೆ ಬಚಾವಾಗ್ತಿದ್ನಾ?" ಅಂದ. ಹೌದು, ಕಂಪ್ಲಿಯವನೂ ಬರೀ ರೈತನೇ ಆಗಿದ್ದರೆ.

ನ್ಯಾಯಾಲಯಗಳೂ ಈ ವಿಷಯದಲ್ಲಿ ಬಿಗಿಯಾಗುತ್ತಿವೆ. ಬೆಂಗಳೂರಿನ ಆರ್‌ಬಿಎಎನ್‌ಎಂಎಸ್ ಶಿಕ್ಷಣ ಸಂಸ್ಥೆಯ ಆಸ್ತಿ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ, ₹2 ಲಕ್ಷ ಅಥವಾ ಹೆಚ್ಚು ನಗದು ಕೊಟ್ಟಿದ್ದೇನೆ ಎಂದು ಯಾರಾದರೂ ದಾವೆ ಹೂಡಿದರೆ ಆದಾಯ ತೆರಿಗೆ ಇಲಾಖೆಗೆ ತಿಳಿಸಬೇಕು ಎಂದಿತು. ಅದೇ ಸೆಪ್ಟೆಂಬರ್‌ನಲ್ಲಿ ಚೆಕ್ ಬೌನ್ಸ್ ಪ್ರಕರಣವೊಂದರಲ್ಲಿ, ನಗದಿನಲ್ಲಿ ಕೊಟ್ಟ ಮಾತ್ರಕ್ಕೆ ಸಾಲವೇ ಅಸಿಂಧು ಆಗುವುದಿಲ್ಲ ಎಂದೂ ಹೇಳಿತು. ಅಂದರೆ ಸಾಲ ತೀರಿಸಲೇಬೇಕು, ದಂಡದ ಕತ್ತಿಯೂ ತೂಗುತ್ತಿರುತ್ತದೆ.

ಚುನಾವಣಾ ಅಭ್ಯರ್ಥಿಗಳ ಅಫಿಡವಿಟ್ ತೆರೆದು ನೋಡಿ. ಸಾಲದ ಕಾಲಂನಲ್ಲಿ ಬ್ಯಾಂಕಿನ ಜತೆ ವ್ಯಕ್ತಿಗಳ ಹೆಸರೂ ಇರುತ್ತವೆ. ಅವರ ಕಾಗದಪತ್ರ ಸರಿಯಾಗಿಡಲು ಆಡಿಟರ್ ಇರುತ್ತಾರೆ. ಪಂಪ್‌ಸೆಟ್ ಅಂಗಡಿಯವನಿಗೆ ಇರುವುದು ವಾಟ್ಸಾಪ್. ಜುಲೈ ನೋಟಿಸ್ ಕಳಿಸುವ ಮುಂಚೆ ಸರ್ಕಾರ ಸಾಲ ಯಾವುದು, ವ್ಯಾಪಾರ ಯಾವುದು ಎಂದು ಬೇರ್ಪಡಿಸಿದ್ದರೆ ಇವನು ನೋಟಿನ ಮೊರೆ ಹೋಗುತ್ತಿರಲಿಲ್ಲ.

ತುರ್ತು ಕಾಯಿಲೆಯಂಥ ಸಮಂಜಸ ಕಾರಣ ತೋರಿಸಿದರೆ ದಂಡ ಬೀಳದಂತೆ 273ಬಿ ಕಲಂ ಇದೆ ಅಂತ ಹೇಳಿದೆ. "ಬಾಳೆಗೆ ಗೊಬ್ಬರ ತರೋದು ತುರ್ತೇನಲೇ?" ಅಂದ. ಅದನ್ನು ಅಧಿಕಾರಿ ಒಪ್ಪಬೇಕಲ್ಲ ಅಂದೆ. ಸದ್ಯಕ್ಕೆ ದಿನಾಂಕ, ಮೊತ್ತ, ಇಬ್ಬರ ಸಹಿ ಇರುವ ಒಂದು ಪತ್ರ ಈಗಲೇ ಮಾಡ್ಕೊಳ್ಳಿ, ತೀರಿಸುವಾಗ ಪೂರ್ತಿ ಒಂದೂವರೆ ಲಕ್ಷವನ್ನೂ ಖಾತೆಗೇ ಹಾಕು, ಒಂದು ನೋಟೂ ಕೈಗೆ ಕೊಡಬೇಡ ಅಂತ ಹೇಳಿ ಫೋನ್ ಇಟ್ಟೆ.